ಜಾವಾ ಎಂಜಿನ್ನು ಹಜಾರಕ್ಕ ಬಂದಾಗ

ಕಾರಿನ ಎಂಜಿನ್ನ ಮನೇಲೇ ಇಳಿಸ್ಬೇಕು ಅಂದ್ರ ಮುಕ್ಕಾಲು ಕಂಬ ನೆಟ್ಟು, ಚೈನು, ರಾಟೆ ಕಟ್ಟಿ, ನಾಕು ಜನ ನಿಂತ್ಕಬೇಕು. ಹೊರದೇಶದಲ್ಲಿ ಹಳೇ ಸ್ಪೋರ್ಟ್ಸ್ ಕಾರು ಇಟ್ಕಂಡೋರು ಅದ್ಕೇ ಅಂತ ಸಣ್ಣ ಕ್ರೇನನ್ನೇ ಮಡಿಕಂಡಿರ್ತಾರಂತ. ನಮ್ಮ ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಸ್ಪೋರ್ಟ್ಸ್ ಕಾರು ಯಾರ ಮನೆ ಮುಂದ ನಿಂತಿತ್ತು ಹೇಳಿ? ನಮ್ಗ ಆ ಗತ್ತಿನ ಗಾಡಿ ಅಂದ್ರ ಜಾವಾ. ಅದರ ಎಂಜಿನ್ನು ಇಳ್ಸಕ್ಕ ಇಬ್ರು ಗಂಡಸ್ರು, ಒಂದು ಗೋಣಿಚೀಲ, ಜೊತ್ಗ ಅರ್ಧ ಅಡುಗೆಮನೆ ಸಾಕಾಗಿತ್ತು. ಜಾವಾದ ಚರಿತ್ರೆ ಬರ್ಯೋರು ಫ್ಯಾಕ್ಟ್ರಿ ಬಗ್ಗ ಬರೀತಾರ, ರೇಸಿನ ಬಗ್ಗ ಬರೀತಾರ. ಅಡುಗೆಮನೆ ಬುಟ್ಟೋಯ್ತದ. ಅದ್ಕ ನಾನು ವಸಿ ಬರೀತೀನಿ ಕನ್ರವ್ವಾ.

ಜಾವಾ ಹುಟ್ಟಿದ್ದು 1929ರಲ್ಲಿ, ಚೆಕೊಸ್ಲೊವಾಕಿಯಾದಲ್ಲಿ. ಯಾನೆಚೆಕ್ ಅನ್ನೋರು ಜರ್ಮನಿಯ ವಾಂಡರರ್ ಕಂಪ್ನಿಯಿಂದ ಬೈಕು ಮಾಡೋ ಹಕ್ಕು ತಕಂಡ್ರು. ಎರಡು ಹೆಸರಿನ ಮೊದಲಕ್ಷರ ಸೇರಿ ಜಾವಾ ಆಯ್ತು. ನಮ್ಮ ದೇಶಕ್ಕ ಮೊದ್ಲು ಹೊರಗಿಂದ ತರ್ಸಿ ಮಾರ್ತಿದ್ದೋರು ಇರಾನಿ ಮನೆತನದವರು. ಆಮೇಲ ರುಸ್ತುಮ್ ಇರಾನಿ, ಫಾರೂಖ್ ಇರಾನಿ ಅವರು ಮೈಸೂರಿನ ಯಾದವಗಿರೀಲಿ ಐಡಿಯಲ್ ಜಾವಾ ಫ್ಯಾಕ್ಟ್ರಿ ಕಟ್ಟುದ್ರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರೇ ಅದನ್ನ ಉದ್ಘಾಟನೆ ಮಾಡಿದ್ದು. 1961ರಿಂದ ಅಲ್ಲಿ ಗಾಡಿ ತಯಾರಾಗಕ್ಕ ಶುರುವಾಯ್ತು. 1973ರಿಂದ ಗಾಡಿ ಮೇಲ ಯೆಜ್ಡಿ ಅಂತ ಹೆಸರು ಬಂತು, ಆದ್ರ ನಮ್ಮ ಕಡೆ ಎಲ್ಲಾನೂ ಜಾವಾನೇ.

ಆಗ ನಮ್ಮ ಎರಡು ತಾಲ್ಲೂಕೂ ಮೈಸೂರು ಜಿಲ್ಲೆಗೇ ಸೇರಿದ್ದವು. ಗುಂಡ್ಲುಪೇಟೆಯಿಂದಾಗ್ಲಿ ಚಾಮರಾಜನಗರದಿಂದಾಗ್ಲಿ ಮೈಸೂರು ಸುಮಾರು 60 ಕಿಲೋಮೀಟ್ರು. ಬೆಳಗ್ಗೆ ಬಸ್ಸು ಹತ್ತುದ್ರ ಸಾಯಂಕಾಲಕ್ಕ ಸಾಮಾನು ಸಮೇತ ವಾಪಸ್ಸು. ನಮ್ಮ ಜಿಲ್ಲೇಲೇ ಹುಟ್ಟಿದ ಗಾಡಿ, ಸಾಮಾನೂ ಹತ್ತಿರದಲ್ಲೇ ಸಿಕ್ತದ, ಹಿಂಗಾಗಿ ಮನೇಲೇ ಬಿಚ್ಚೋ ಧೈರ್ಯ ಬಂತು.

ಇನ್ನೊಂದು ಕಾರಣ ಎಂಜಿನ್ನೇ. 250 ಸಿಸಿ, ಒಂದೇ ಸಿಲಿಂಡ್ರು, ಅದ್ಕ ಎರಡು ಸೈಲೆನ್ಸರು. ಟೂ ಸ್ಟ್ರೋಕು ಅಂದ್ರ ವಾಲ್ವು ಇಲ್ಲ, ಕ್ಯಾಮು ಇಲ್ಲ. ಪೆಟ್ರೋಲ್ಗೇ ಆಯಿಲ್ಲು ಬೆರಸಿ ಹುಯ್ಯೋದು. ಒದ್ದು ಸ್ಟಾರ್ಟ್ ಮಾಡೋ ಕಾಲ್ಸಟ್ಟೇನೇ ಮುಂದಕ್ಕ ಬಗ್ಗಿ ಗೇರಾಯ್ತಿತ್ತು. ಆಯಿಲ್ಲು ಸುಟ್ಟ ಮಸಿ ಒಳಗ ಕಟ್ಕತ್ತಿತ್ತು. ಆ ಮಸಿ ಕೆರೆಯಕ್ಕ ಹೆಡ್ಡು, ಸಿಲಿಂಡ್ರು ಬಿಚ್ಚುದ್ರ ಸಾಕು. ಕೆಳಗಿನ ಬೇರಿಂಗು ಸವೆದು ಕಟಕಟ ಅಂದ್ರ, ಇಲ್ಲ ಗೇರು ಬೀಳ್ದೆ ಹೋದ್ರ ಮಾತ್ರ ಇಡೀ ಎಂಜಿನ್ನು ಕೆಳಗಿಳೀಬೇಕು. ಯಾಕಂದ್ರ ಕ್ರ್ಯಾಂಕು, ಗೇರು ಎರಡೂ ಒಂದೇ ಡಬ್ಬೀಲಿ ಅವ, ಆ ಡಬ್ಬಿ ಎರಡು ಹೋಳಾಗ್ಬೇಕು.

ನಮ್ಮ ಮನೇಲಿ ನಡೀತಿದ್ದ ಕ್ರಮ ಹಿಂಗ. ಮೊದ್ಲು ಗೇರಾಯಿಲ್ಲು ಬಸಿಯೋದು. ಪೆಟ್ರೋಲ್ ಪೈಪು, ಕಾರ್ಬೊರೇಟ್ರು, ಸೈಲೆನ್ಸರ್ ಪೈಪು ಬಿಚ್ಚೋದು. ಕ್ಲಚ್ಚಿನ ಕೇಬಲ್ಲು, ಡೈನಮೋ ವೈರು ತಗಿಯೋದು. ಚೈನಿನ ಕೊಂಡಿ ಬಿಚ್ಚಿ, ಕೊನೇಗ ಫ್ರೇಮಿನ ಬೋಲ್ಟು ಎಳೆಯೋದು. ಅಪ್ಪ ಒಂದು ಕಡೆ, ಚಿಕ್ಕಪ್ಪ ಒಂದು ಕಡೆ ಹಿಡ್ದು, ಹಜಾರದ ಗೋಣಿಚೀಲದ ಮೇಲ ತಂದು ಮಡಗ್ತಿದ್ರು.

ಅಲ್ಲಿಂದ ಕೆಲಸ ಅವ್ವಂದು. ಸ್ಟೀಲು ಲೋಟ, ಹಾರ್ಲಿಕ್ಸ್ ಬಾಟ್ಲು, ತೆಂಗಿನ ಚಿಪ್ಪು ಎಲ್ಲಾನೂ ಗೋಡೆ ಉದ್ದಕ್ಕ ಸಾಲಾಗಿ ಜೋಡಿಸ್ತಿದ್ಲು. ಮೊದಲು ಬಿಚ್ಚಿದ ಬೋಲ್ಟು ಮೊದಲ್ನೇ ಲೋಟಕ್ಕ, ಆಮೇಲಿಂದು ಎರಡ್ನೇದಕ್ಕ. ಕೂಡ್ಸುವಾಗ ಕೊನೇ ಲೋಟದಿಂದ ಹಿಂದಕ್ಕ ಬರೋದು. ಅಪ್ಪ ಒಂದು ವಾಶರು ಹಿಡ್ಕಂಡು, "ಇದ್ಯಾವ್ದಮ್ಮಿ?" ಅಂದ್ರ, ಒಲೆ ಮುಂದಿಂದ್ಲೇ, "ಏಳ್ನೇ ಲೋಟದ್ದು ಕನಿ, ದೊಡ್ಡ ಗೇರಿನ ಹಿಂದ್ಗಡೇದು," ಅಂತಿದ್ಲು. ಅವ್ವ ಒಂದು ದಿನಾನೂ ಆ ಗಾಡಿ ಓಡಿಸ್ದೋಳಲ್ಲ.

ಎಂಜಿನ್ನು ತೊಳಿಯಕ್ಕ ಸೀಮೆಎಣ್ಣೆ ಬೇಕು. ಅದು ರೇಷನ್ನಿಂದು. ಒಂದು ಎಂಜಿನ್ನು ತೊಳ್ದ ತಿಂಗ್ಳು ಸ್ಟವ್ವು ಹಚ್ಚಂಗಿಲ್ಲ, ಬೆಳಗಿನ ಕಾಫಿಗೂ ಸೌದೆ ಒಲೇನೇ. ಒರಸಕ್ಕ ಹಳೇ ಹತ್ತಿ ಸೀರೆ. ಗೇರಿನ ಸಂದೀಲಿ ಕಾಗದದಷ್ಟು ತೆಳ್ಳನೆ ವಾಶರು ಇರ್ತವ. ಅದೊಂದು ಕಳ್ದೋದ್ರ ಗೇರು ಸರಿಯಾಗಿ ಕೂರಲ್ಲ. ಅದ್ಕೇ ಎಂಜಿನ್ನು ಕೂತ್ಕಳ್ಳೋವರ್ಗೂ ಹಜಾರಕ್ಕ ಪೊರಕೆ ಮುಟ್ಟಿಸ್ತಿರಲಿಲ್ಲ. ಹಬ್ಬ ಬಂದ್ರೂ ಸೈ.

ಕ್ರ್ಯಾಂಕು ಮಾತ್ರ ಮನೇಲಿ ಆಗೋ ಕೆಲಸ ಅಲ್ಲ, ಪ್ರೆಸ್ಸಲ್ಲಿ ಒತ್ತಿ ಬಿಚ್ಚಿ ಕೂಡಿಸ್ಬೇಕು. ಅದನ್ನ ಕೈಚೀಲಕ್ಕ ಹಾಕಂಡು ಮೈಸೂರು ಬಸ್ಸು ಹತ್ತೋದು. ಅದು ವಾಪಸ್ಸು ಬರೋವರ್ಗ ಅರಿಶಿನ, ವೀಳ್ಯದೆಲೆ ಸಂತೆಗೆ ಬೇರೆಯವರ ಗಾಡಿ ಕಾಯ್ಬೇಕು. ಆ ವಾರದ ಖರ್ಚು ಸಾಸಿವೆ ಡಬ್ಬಿಯ ದುಡ್ಡಲ್ಲಿ ನಡೀತಿತ್ತು.

1985ರ ಹೊತ್ಗ ಹೀರೋ ಹೋಂಡಾ, ಯಮಾಹಾ ಆರ್‌ಎಕ್ಸ್ 100 ಬಂದ್ವು. ಹಗೂರ, ಪೆಟ್ರೋಲೂ ಕಮ್ಮಿ ಕುಡೀತಿದ್ವು. ಮೈಸೂರಿನ ಫ್ಯಾಕ್ಟ್ರಿ 1996ರಲ್ಲಿ ಬಾಗ್ಲು ಹಾಕ್ತು. ಅದರ ಮಾರನೇ ವರ್ಷವೇ ಚಾಮರಾಜನಗರ ಬೇರೆ ಜಿಲ್ಲೆ ಆಯ್ತು. ಕೆಲಸ ಹೋದ ಎಷ್ಟೋ ಮನೆ ಕಷ್ಟ ಆ ಗೇಟಿನ ಹಿಂದೆ ಅದ. ಫ್ಯಾಕ್ಟ್ರಿ ಮುಚ್ಚಿದ ಮೇಲೂ ಗಾಡಿ ಉಳ್ದದ್ದು ಹೆಂಗ? ಅಲ್ಲಿ ಕೈ ಪಳಗಿಸ್ಕಂಡೋರು ನಡೆಸಿದ ಸಣ್ಣ ಗ್ಯಾರೇಜಿಂದ, ಅಟ್ಟದ ಮೇಲ ಗೋಣೀಲಿ ಕಟ್ಟಿಟ್ಟ ಹಳೇ ಸಾಮಾನಿಂದ, ಲೋಟದ ಲೆಕ್ಕ ಇಟ್ಕಂಡಿದ್ದ ಹೆಂಗಸ್ರಿಂದ.

2018ರಲ್ಲಿ ಜಾವಾ ಹೆಸರು ಮತ್ತ ಬಂತು. ಈಗ ಅದು ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗೋ ಫೋರ್ ಸ್ಟ್ರೋಕು ಗಾಡಿ. ಕಾರ್ಬೊರೇಟ್ರು ಇಲ್ಲ, ಕಂಪ್ಯೂಟ್ರೇ ಪೆಟ್ರೋಲು ಅಳೀತದ. ಹಜಾರದಲ್ಲಿ ಬಿಚ್ಚೋ ಮಾತೇ ಇಲ್ಲ. ಹೊಗೆ ಕಮ್ಮಿ, ಅದು ಒಳ್ಳೇದೇ. ಆದ್ರ ಆ ಗಾಡಿಯ ಒಳಗ ಏನದ ಅಂತ ಮನೆಯೋರಿಗೆ ತಿಳಿಯೋದಿಲ್ಲ.

ಕಡೇಗೊಂದು ಮಾತು, ಅಕ್ಕದೀರಾ. ನಿಮ್ಮ ಅಟ್ಟದ ಮೇಲೋ ಹಿತ್ತಲಲ್ಲೋ ಹಳೇ ಎಂಜಿನ್ನು ಬಿದ್ದಿದ್ರ, ಗುಜರಿಗ ತೂಕಕ್ಕ ಹಾಕ್ಬೇಡಿ. ಅದರ ಮೈಮೇಲ ಒಂದು ನಂಬ್ರು ಕೊರ್ದಿರ್ತಾರ, ಆರ್‌ಸಿ ಪುಸ್ತಕದಲ್ಲೂ ಅದೇ ನಂಬ್ರು ಇರ್ತದ. ಎರಡೂ ತಾಳೆ ಆದ್ರೇನೇ ಗಾಡಿಗ ಬೆಲೆ. ಮಸಿ ಒರಸಿ, ನಂಬ್ರು ಬರಕಳಿ. ಹಂಗೇ ಅತ್ತೆಯೋ ಅವ್ವನೋ ಇದ್ರ, ಯಾವ ಲೋಟಕ್ಕ ಏನು ಹಾಕ್ತಿದ್ರು ಅಂತ ಕೇಳಿ, ಅದನ್ನೂ ಬರ್ದಿಡಿ.