ಬಂಡೆಯ ಗಿಡ, ಗವರ್ನರನ ಹೆಸರು

ಮುಂಬಯಿಯ ಫ್ಲೋರಾ ಫೌಂಟನ್ ನಮ್ಮಲ್ಲಿ ಅನೇಕರಿಗೆ ನಿತ್ಯದ ದಾರಿ. 1864ರಲ್ಲಿ ಸಿದ್ಧವಾದ ಆ ಕಾರಂಜಿಗೆ ಅಂದಿನ ಗವರ್ನರ್ ಸರ್ ಬಾರ್ಟಲ್ ಫ್ರೇರನ ಹೆಸರಿಡುವುದೆಂದು ಮೊದಲು ನಿಶ್ಚಯವಾಗಿತ್ತು. ಕೊನೆಗೆ ಅದು ರೋಮನ್ನರ ಪುಷ್ಪದೇವತೆಯ ಪಾಲಾಯಿತು. ಕಾರಂಜಿಗೆ ದಕ್ಕದ ಹೆಸರು ಹೆಚ್ಚುಕಡಿಮೆ ಅದೇ ಕಾಲದಲ್ಲಿ ಒಂದು ಹೂಗಿಡಕ್ಕೆ ದಕ್ಕಿತು.

ಮುಂಬಯಿ ಪ್ರಾಂತದ ಅರಣ್ಯಾಧಿಕಾರಿ ಎನ್. ಎ. ಡಾಲ್ಜೆಲ್, 1861ರಲ್ಲಿ ಅಲೆಕ್ಸಾಂಡರ್ ಗಿಬ್ಸನ್ನನೊಡನೆ ಆ ಪ್ರಾಂತದ ಸಸ್ಯಗಳ ಕುರಿತು ಗ್ರಂಥ ಪ್ರಕಟಿಸಿದ್ದವನು. ಜುನ್ನರ ಸೀಮೆಯ ಕಪ್ಪು ಬಂಡೆಗಳಲ್ಲಿ ದೊರೆತ ಈ ಗಿಡವನ್ನು ಆತ 'ಫ್ರೇರಿಯಾ ಇಂಡಿಕಾ' ಎಂದು ಕರೆದ. ಇದು ಬಹುವಾರ್ಷಿಕ ಸಸ್ಯ. ಬೇಸಿಗೆಯಲ್ಲಿ ಎಲೆಯುದುರಿದರೂ ನೀರು ತುಂಬಿದ ಕಾಂಡ ಹಸಿರಾಗಿಯೇ ಉಳಿಯುತ್ತದೆ. ಮಳೆ ಬಂದಾಗ ಚಿಗುರಿ, ಕೆಂಗಂದು ಬಣ್ಣದಲ್ಲಿ ಹಳದಿ ಮಚ್ಚೆಗಳುಳ್ಳ ನಕ್ಷತ್ರದಂಥ ಹೂ ಬಿಡುತ್ತದೆ. ನಮ್ಮ ಬಯಲುಸೀಮೆಯ ಬಂಡೆಗಳಲ್ಲಿಯೂ ಕಾಣುವ ಕರಲ್ಲುಮಾ ಇದರ ಹತ್ತಿರದ ಬಂಧು. ಅದರಲ್ಲಿ ಎಲೆಯೆನ್ನಬಹುದಾದದ್ದಿಲ್ಲ, ಇದಕ್ಕುಂಟು. ಹೀಗಾಗಿ ಇದು ಬಹುಕಾಲ ಪ್ರತ್ಯೇಕ ಕುಲವೆನಿಸಿಕೊಂಡಿತ್ತು.

1958ರಲ್ಲಿ ರೌಲಿ ಎಂಬ ಸಸ್ಯಜ್ಞ ಇದನ್ನು ಕರಲ್ಲುಮಾ ಕುಲಕ್ಕೆ ಸೇರಿಸಿದ. ಅಲ್ಲಿ 'ಇಂಡಿಕಾ' ಎಂಬ ಹೆಸರು ಮೊದಲೇ ಬೇರೊಂದು ಗಿಡಕ್ಕೆ ಸಂದಿತ್ತು. ಆದ್ದರಿಂದ ಇದು 'ಕರಲ್ಲುಮಾ ಫ್ರೇರಿ' ಆಯಿತು. ಈಚೆಗೆ 'ಬೌಸೆರೋಸಿಯಾ ಫ್ರೇರಿ' ಎಂದೂ ಕರೆಯುತ್ತಾರೆ. ಭಾರತದ ಹೆಸರು ಅಳಿಸಿಹೋಯಿತು, ಗವರ್ನರನದು ಉಳಿಯಿತು. ದಕ್ಷಿಣ ಆಫ್ರಿಕಕ್ಕೆ ಹೈಕಮಿಷನರನಾಗಿ ಹೋಗಿ 1879ರ ಜುಲು ಯುದ್ಧಕ್ಕೆ ಕಾರಣನಾದವನೂ ಇದೇ ಫ್ರೇರ್.

ಮರಾಠಿಯಲ್ಲಿ ಇದಕ್ಕೆ 'ಶಿಂದಳ ಮಾಕುಡಿ' ಎಂಬ ಹೆಸರಿದೆ. ಶಿವಾಜಿ ಹುಟ್ಟಿದ ಶಿವನೇರಿ ಕೋಟೆಯ ಬಂಡೆಗಳಲ್ಲಿ ಬೆಳೆಯುವುದರಿಂದ 'ಶಿವಸುಮನ' ಎಂಬ ಹೊಸ ಹೆಸರೂ ಬಂದಿದೆ. ರಸ್ತೆ, ನಿಲ್ದಾಣ, ಊರುಗಳ ಹೆಸರು ಬದಲಾದಾಗ ಕಡತಗಳನ್ನು ತಿದ್ದಿದ ಸರಕಾರಿ ನೌಕರರಾದ ನಮಗೆ ಇದು ಅಪರಿಚಿತ ವಿದ್ಯಮಾನವಲ್ಲ. ಈ ಬದಲಾವಣೆ ನ್ಯಾಯವಾದುದೇ. ಆದರೆ ಹೆಸರು ತಿದ್ದಿದೊಡನೆ ಕೆಲಸ ಮುಗಿಯಿತೆಂದು ಭಾವಿಸುವುದು ನಮ್ಮ ಹಳೆಯ ಅಭ್ಯಾಸ.

ಸಹ್ಯಾದ್ರಿಯ ಕೆಲವೇ ಕಡಿದಾದ ಬಂಡೆಗಳಲ್ಲಿ ಮಾತ್ರ ಈ ಗಿಡ ಸಹಜವಾಗಿ ಉಳಿದಿದೆ. ದನಕರುಗಳ ಮೇವು, ಭೂಕುಸಿತಗಳು ಅದರ ನೆಲೆಯನ್ನು ಕಿರಿದುಗೊಳಿಸಿವೆ. ಒಂದು ತುಂಡು ನೆಟ್ಟರೆ ಕುಂಡದಲ್ಲಿ ಸುಲಭವಾಗಿ ಬೇರೂರುವುದರಿಂದ ದೂರದೇಶಗಳ ಗಾಜಿನ ಮನೆಗಳಲ್ಲಿಯೂ ಅದು ಬದುಕಿದೆ. ನಾಡು ಬಿಟ್ಟು ಬಂದ ನಮಗೆ ಕುಂಡದ ಬಾಳಿನ ಬೆಲೆಯೂ ಗೊತ್ತು, ಮಿತಿಯೂ ಗೊತ್ತು. ಕುಂಡಗಳಲ್ಲಿ ಎಷ್ಟೇ ಹೆಚ್ಚಿದರೂ ಶಿವನೇರಿಯ ಬಂಡೆ ಬರಿದಾದರೆ, ಆ ಹೊಸ ಹೆಸರಿಗೆ ಅರ್ಥ ಉಳಿಯದು.