ಲಾಭ, ಎರಡು, ಮೂರು

ಮುಧೋಳದ ಹತ್ತಿರದ ತಿಮ್ಮಾಪುರದ ಕಣದಲ್ಲಿ ನಾನು ಎಣಿಕೆ ಕಲಿತೆ. ಅಜ್ಜ ಜೋಳದ ರಾಶಿಯ ಮುಂದೆ ಕುಳಿತು ಸೇರಿನಿಂದ ಅಳೆದು ಚೀಲಕ್ಕೆ ಸುರಿಯುತ್ತಿದ್ದ. ಎಣಿಸುವ ಕೆಲಸ ನನ್ನದು. ಮೊದಲ ದಿನ 'ಒಂದು' ಎಂದು ಕೂಗಿದೆ. ಅಜ್ಜನ ಕೈ ನಿಂತಿತು. "ಒಂದ ಅನಬ್ಯಾಡೋ ತಮ್ಮಾ, ಲಾಭ ಅನ್ನು" ಎಂದವನೇ, ಸುರಿದ ಜೋಳವನ್ನು ಮತ್ತೆ ರಾಶಿಗೆ ಹಾಕಿ ಹೊಸದಾಗಿ ಅಳೆದ. ಲಾಭ, ಎರಡು, ಮೂರು! ಒಕ್ಕಲಿಗನ ಎಣಿಕೆ ಬರಿಯ ಲೆಕ್ಕವಲ್ಲ, ಹಾರೈಕೆಯೂ ಹೌದು.

ಒಂದರಿಂದ ಎಂಟರವರೆಗೆ ನಮ್ಮ ಎಣಿಕೆಗೆ ಸ್ವಂತ ಹೆಸರುಗಳುಂಟು. ಒಂಬತ್ತು ಮಾತ್ರ ಹತ್ತನ್ನು ನೆಮ್ಮಿ ನಿಂತಿದೆ. 'ಹತ್ತಕ್ಕೆ ಒಂದು ಕಡಿಮೆ' ಎಂದು ಪಂಡಿತರು ಅದನ್ನು ಬಿಡಿಸುತ್ತಾರೆ. ಅದರ 'ಬತ್ತು' ಹಳಗನ್ನಡದ 'ಪತ್ತು'. ಆದರೆ ನಮ್ಮ ಸೀಮೆಯ ಚರಿತ್ರೆ ಅಡಗಿರುವುದು ಇಡೀ ಸಂಖ್ಯೆಗಳಲ್ಲಲ್ಲ, ಅವುಗಳ ಚೂರುಗಳಲ್ಲಿ.

ಒಮ್ಮೆ ಅಜ್ಜಿ ನನ್ನನ್ನು ಎರಡೂವರೆ ಸೇರು ಬೆಲ್ಲಕ್ಕೆ ಪೇಟೆಗೆ ಅಟ್ಟಿದಳು. ಅಂಗಡಿಯವರು "ಅಡೀಚ ಸೇರು, ತಗೋ" ಎಂದರು. ನಮಗೆ ಬೇಕಾದದ್ದು ಅದಲ್ಲವೆಂದು ಬರಿಗೈಯಲ್ಲಿ ಮರಳಿದೆ. ಮನೆಯವರೆಲ್ಲ ನಕ್ಕರು. ಅಡೀಚ ಎಂದರೂ ಎರಡೂವರೆಯೇ!

ಮುಧೋಳ ಘೋರ್ಪಡೆಯವರ ಸಂಸ್ಥಾನ, ಜಮಖಂಡಿ ಪಟವರ್ಧನರದು. ದರಬಾರದ ಮಾತು ಮರಾಠಿ. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಆಳಿಕೆ ಹೋಯಿತು, ಲೆಕ್ಕ ಉಳಿಯಿತು. ಒಂದು, ಎರಡು, ಮೂರು ಕನ್ನಡವಾಗಿಯೇ ಇದ್ದವು. ದುಡ್ಡು ಕೈ ಬದಲಾಗುವಲ್ಲಿ ಮಾತ್ರ ಪಾವ, ದೀಡ, ಅಡೀಚ ಬಂದು ಕುಳಿತವು. ಬೆರಗೆಂದರೆ, ಪಾವದ ಮೂಲ ಸಂಸ್ಕೃತದ 'ಪಾದ'. ನಮ್ಮ ಕಾಲಂಶವೂ ಕಾಲೇ! ನಾಲ್ಕು ಕಾಲಿನ ದನವನ್ನು ಕಂಡವರಿಗೆ ಎರಡು ನುಡಿಗಳಲ್ಲಿಯೂ ಒಂದೇ ಲೆಕ್ಕ ಹೊಳೆದಂತಿದೆ.

ಇನ್ನು ಹದಿನಾರರ ಮಾತು. ರೂಪಾಯಿಗೆ ಹದಿನಾರು ಆಣೆ ಎಂಬುದನ್ನು ಪರಕೀಯರ ಏರ್ಪಾಡೆಂದು ಭಾವಿಸುವವರುಂಟು. ಆದರೆ ನಮ್ಮ ಹಳೆಯ ಶಾಸನಗಳಲ್ಲಿಯೇ ಹಣದ ಕಾಲಂಶಕ್ಕೆ ಹಾಗ, ಹದಿನಾರನೆಯ ಅಂಶಕ್ಕೆ ವೀಸ ಎಂಬ ಹೆಸರುಗಳಿವೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿ 'ವ್ಯವಹಾರಗಣಿತ'ವನ್ನು ಬರೆದದ್ದು ಇಂಥ ಲೆಕ್ಕಗಳಿಂದ ಬದುಕುತ್ತಿದ್ದ ನಾಡಿನಲ್ಲಿ. ಹದಿನಾರರ ಗುಣ ಸರಳ: ನಾಲ್ಕು ಸಲ ಅರ್ಧ ಮಾಡಿದರೆ ಒಂದು ಉಳಿಯುತ್ತದೆ. ಓದು ಬಾರದವನೂ ರಾಶಿಯನ್ನು ಎರಡೆರಡಾಗಿ ಒಡೆಯುತ್ತ ಪಾಲು ಹಂಚಬಲ್ಲ. ಕಾಗದ ಬೇಡ, ಲೇಖಣಿ ಬೇಡ.

1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯೇ ಪೈಸೆಯಾಯಿತು. ಮರುವರ್ಷದಿಂದ ಕಿಲೋಗ್ರಾಮು ಬಂದಿತು. ಲೆಕ್ಕ ಹಗುರಾಯಿತೆಂಬುದನ್ನು ಅಲ್ಲಗಳೆಯಲಾರೆ. ವೀಸ ಮರೆತುಹೋಯಿತು, 'ಹದಿನಾರಾಣೆ ಸತ್ಯ' ಎಂಬ ಮಾತಿನಲ್ಲಷ್ಟೇ ಆಣೆ ಬದುಕಿದೆ.

ಮೊನ್ನೆ ತಿಮ್ಮಾಪುರದಲ್ಲಿ ನನ್ನ ಮೊಮ್ಮಗ ವಿದ್ಯುತ್ ತಕ್ಕಡಿಯ ಅಂಕಿ ನೋಡಿ "ಎರಡು ಪಾಯಿಂಟ್ ಐದು" ಎಂದ. ತೂಕ ಸರಿಯಾಗಿಯೇ ಇತ್ತು. "ಅಡೀಚ ಅಂದರೆ ಏನೋ?" ಎಂದೆ. ಅವನಿಗೆ ತಿಳಿಯದು, ಎರಡೂವರೆ ಎಂದಾಗಲೂ ತುಸು ತಡೆದೇ ತಲೆಯಾಡಿಸಿದ. ನನಗೆ ಮರಾಠಿಯ ಮಾತೊಂದು ತಿಳಿದಿರಲಿಲ್ಲ. ಅವನಿಗೆ ಮನೆಯ ಮಾತೇ ದೂರವಾಗಿದೆ.

ಅಜ್ಜನ ಸೇರು ಇನ್ನೂ ಅಟ್ಟದ ಮೇಲಿದೆ. ಬರುವ ಸುಗ್ಗಿಗೆ ಅದನ್ನು ಇಳಿಸಿ ಹುಡುಗನನ್ನು ರಾಶಿಯ ಮುಂದೆ ಕೂಡಿಸಬೇಕೆಂದಿದ್ದೇನೆ. ಮೊದಲ ಸೇರಿಗೆ ಅವನು 'ಒಂದು' ಎಂದರೆ ಜೋಳವನ್ನು ಮರಳಿ ರಾಶಿಗೇ ಸುರಿಯುವೆ.