ಎತ್ತಿಕೊಂಡು ಹೋಗುವ ರಸ್ತೆ

ಎರಡನೇ ಮಹಾಯುದ್ಧದ ಹಳೆಯ ಫೋಟೋಗಳಲ್ಲಿ ಒಂದು ವಸ್ತು ನನ್ನನ್ನು ಬಹಳ ದಿನ ಕಾಡಿತ್ತು. ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ನಿಂತ ಷೆವರ್ಲೆ ಲಾರಿಗಳ ಪಕ್ಕಕ್ಕೆ ಉದ್ದನೆಯ ಉಕ್ಕಿನ ತಗಡುಗಳನ್ನು ನೇತುಹಾಕಿರುತ್ತಿದ್ದರು. ಗುಂಡು ತಡೆಯುವ ಕವಚವಿರಬೇಕು ಎಂದುಕೊಂಡಿದ್ದೆ. ಅದು ರಸ್ತೆ ಎಂದು ಆಮೇಲೆ ತಿಳಿಯಿತು. ಮರಳಿನಲ್ಲಿ ಹೂತ ಚಕ್ರದ ಕೆಳಗೆ ಹಾಸಿ, ಲಾರಿ ದಾಟಿದ ಮೇಲೆ ಎತ್ತಿಕೊಂಡು ಹೋಗುವ ಪುಟ್ಟ ರಸ್ತೆ.

ಇದರ ಕಥೆ ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿಯ ಬಳಿಗೆ ಕರೆದೊಯ್ಯುತ್ತದೆ. 1920ರ ದಶಕದಲ್ಲಿ ಈಜಿಪ್ಟಿನಲ್ಲಿದ್ದ ಆತ, ರಜೆ ಸಿಕ್ಕಾಗಲೆಲ್ಲ ಗೆಳೆಯರೊಂದಿಗೆ ಫೋರ್ಡ್ ಕಾರುಗಳಲ್ಲಿ ಲಿಬಿಯನ್ ಮರುಭೂಮಿಗೆ ಹೊರಡುತ್ತಿದ್ದ. ಖರ್ಚು ಅವರವರದೇ. ಕಾರು ಹೂತುಹೋಗುವುದು ನಿತ್ಯದ ಪಾಡು. ಕೈರೋದ ಗುಜರಿ ಅಂಗಡಿಯೊಂದರಲ್ಲಿ ಆತನ ಕಣ್ಣಿಗೆ ಉಕ್ಕಿನ ತಗಡುಗಳು ಬಿದ್ದವು. ಮೊದಲ ಮಹಾಯುದ್ಧದಲ್ಲಿ ಸೈನಿಕರು ಅಡಗುವ ನೆಲಗುಂಡಿಗಳಿಗೆ ಚಾವಣಿಯಾಗಲೆಂದು ಮಾಡಿದ್ದವು ಅವು. ತಲೆಯ ಮೇಲಿರಬೇಕಾದದ್ದನ್ನು ಬ್ಯಾಗ್ನಾಲ್ಡ್ ಚಕ್ರದ ಕೆಳಗೆ ಹಾಕಿದ.

ಕೆಲಸದ ರೀತಿ ಸರಳ. ಸಡಿಲ ಮರಳಿನಲ್ಲಿ ಚಕ್ರ ತಿರುಗಿದಷ್ಟೂ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ತಗಡು ಗಾಡಿಯ ಭಾರವನ್ನು ಅಗಲಕ್ಕೆ ಹಂಚುತ್ತದೆ, ಚಕ್ರಕ್ಕೆ ಹಿಡಿತ ಕೊಡುತ್ತದೆ. ಚಕ್ರದ ಮುಂದಿನ ಮರಳನ್ನು ಬಗೆದು, ತಗಡನ್ನು ಒಳಕ್ಕೆ ಸಿಕ್ಕಿಸಿ, ಎಲ್ಲರೂ ಸೇರಿ ತಳ್ಳಬೇಕು. ಒಮ್ಮೆ ಹೊರಬಂದ ಗಾಡಿ ಗಟ್ಟಿನೆಲ ಸಿಗುವ ತನಕ ನಿಲ್ಲುವಂತಿಲ್ಲ. ಉಳಿದವರು ಬಿಸಿಲಿಗೆ ಕಾದ ತಗಡನ್ನು ಹೊತ್ತು ಅದರ ಹಿಂದೆಯೇ ಹೋಗಬೇಕು. ಬ್ಯಾಗ್ನಾಲ್ಡ್ ಈ ಪಯಣಗಳನ್ನು 1935ರಲ್ಲಿ 'ಲಿಬಿಯನ್ ಸ್ಯಾಂಡ್ಸ್' ಎಂಬ ಪುಸ್ತಕವಾಗಿ ಬರೆದ. ಮರಳು ಗಾಳಿಯಲ್ಲಿ ಹೇಗೆ ಚಲಿಸುತ್ತದೆ ಎಂಬ ಅವನ ಅಧ್ಯಯನ 1941ರಲ್ಲಿ ಪ್ರಕಟವಾಯಿತು. ಮರಳುಗುಡ್ಡಗಳ ವಿಜ್ಞಾನಕ್ಕೆ ಅದು ಇಂದಿಗೂ ಅಡಿಗಲ್ಲು.

ಅಷ್ಟರಲ್ಲಿ ಮತ್ತೆ ಯುದ್ಧ ಬಂದಿತ್ತು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ಯಾಗ್ನಾಲ್ಡ್ ಜನರಲ್ ವೇವೆಲ್‌ನನ್ನು ಒಪ್ಪಿಸಿ 'ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್' ಕಟ್ಟಿದ. ಮೊದಲು ಸೇರಿದವರಲ್ಲಿ ಹೆಚ್ಚಿನವರು ನ್ಯೂಜಿಲೆಂಡಿನವರು. ಗುಜರಿಯಿಂದ ಬಂದ ಉಪಾಯ ಈಗ ಸೇನೆಯ ಸಲಕರಣೆಯಾಯಿತು. 1941ರ ಜನವರಿಯಲ್ಲಿ ಈ ಪಡೆ ಫ್ರೆಂಚ್ ಸೈನಿಕರ ಜೊತೆಗೂಡಿ ಲಿಬಿಯಾದ ಒಳನಾಡಿನ ಮುರ್ಝುಕ್ ಮೇಲೆ ಎರಗಿ ವಿಮಾನಗಳನ್ನು ಸುಟ್ಟಿತು. ಎರಡೂ ಕಡೆ ಜನ ಸತ್ತರು.

ಅದೇ ಮರುಭೂಮಿಯಲ್ಲಿ ಅಲೆದು ಕಲಿತ ಇನ್ನೊಬ್ಬ, ಹಂಗೇರಿಯ ಲಾಸ್ಲೊ ಅಲ್ಮಾಶಿ. 1942ರಲ್ಲಿ ಅವನು ಜರ್ಮನ್ ಗೂಢಚಾರರನ್ನು ಮರಳು ದಾಟಿಸಿ ಈಜಿಪ್ಟಿಗೆ ತಲುಪಿಸಿದ. ಮೈಕೆಲ್ ಒಂಡಾಟ್ಜೆಯ 'ದಿ ಇಂಗ್ಲಿಷ್ ಪೇಷೆಂಟ್' ಓದಿದವರಿಗೆ ಈ ಹೆಸರು ಪರಿಚಿತ. ಮರುಭೂಮಿ ಇವರೆಲ್ಲರಿಗೂ ಒಂದೇ ಪಾಠ ಹೇಳಿಕೊಟ್ಟಿತ್ತು. ಆ ಪಾಠ ಯಾರ ಪರ ಎಂಬುದನ್ನು ಅದು ಹೇಳಲಿಲ್ಲ.

ಇತ್ತ ಅಮೆರಿಕದವರು 1941ರಲ್ಲಿ ಉತ್ತರ ಕೆರೊಲಿನಾದ ಮಾರ್ಸ್ಟನ್ ಬಳಿ ತೂತುಗಳಿರುವ ಉಕ್ಕಿನ ಹಲಗೆಗಳನ್ನು ಜೋಡಿಸಿ ವಿಮಾನ ಇಳಿದಾಣವನ್ನೇ ಹಾಸಿದರು. ಒಂದೊಂದು ಹಲಗೆ 10 ಅಡಿ ಉದ್ದ, ಸುಮಾರು 30 ಕಿಲೋ ತೂಕ. ಯುದ್ಧ ಮುಗಿದ ಮೇಲೆ ಅವು ಮತ್ತೆ ಗುಜರಿಗೆ ಬಂದವು. ಮರಳುಗಾಡಿನ ಪ್ರವಾಸಿಗರು ಅವನ್ನು ಕತ್ತರಿಸಿ ಗಾಡಿಗೆ ಕಟ್ಟಿಕೊಂಡರು. ಈ ಶತಮಾನದ ಮೊದಲ ದಶಕದಲ್ಲಿ ಆಸ್ಟ್ರೇಲಿಯಾದ 'ಮ್ಯಾಕ್ಸ್‌ಟ್ರಾಕ್ಸ್' ಇದನ್ನೇ ಹಗುರ ಪ್ಲಾಸ್ಟಿಕ್ ಹಲಗೆಯಾಗಿ ಮಾಡಿತು.

ಈಗ ಸಾಹಸಪ್ರಿಯರ ಜೀಪಿನ ಮೇಲೆ ಕಿತ್ತಳೆ ಬಣ್ಣದ ಹಲಗೆ ಕಂಡಾಗ ನನಗೆ ಅದರ ಹಿಂದಿನ ಜನ್ಮಗಳು ನೆನಪಾಗುತ್ತವೆ. ಚಾವಣಿ, ಗೆಳೆಯರ ರಜೆ, ದಾಳಿ, ಇಳಿದಾಣ, ಮತ್ತೆ ರಜೆ. ಹೂತದ್ದನ್ನು ಎತ್ತುವುದಷ್ಟೇ ಅದರ ಕೆಲಸ. ಎತ್ತಿದ ಗಾಡಿ ಎಲ್ಲಿಗೆ ಹೊರಟಿದೆ ಎಂದು ಕೇಳಬೇಕಾದವರು ಹಿಂದಿನಿಂದ ತಳ್ಳುವವರು.